ಟಿಪ್ಪುವಿನ ಸ್ವಾತಂತ್ರ್ಯ, ಕರಾವಳಿಯ ಸೆರೆ

ಮಂಗಳೂರಿಗೆ ಓದಲು ಬಂದ ಹೊಸ ಹುಡುಗರಿಗೆ ಟಿಪ್ಪು ಸುಲ್ತಾನನ ಪಾಠ ಮಾಡುವುದು ಶ್ರೀರಂಗಪಟ್ಟಣದಲ್ಲಿ ಮಾಡಿದಷ್ಟು ಸಲೀಸಲ್ಲ. ಬೋಳೂರಿನಲ್ಲಿ ಗುರುಪುರ ನದಿಯ ದಂಡೆಯ ಮೇಲೆ ಸುಲ್ತಾನ್ ಬತ್ತೇರಿ ನಿಂತಿದೆ. ಇಂಗ್ಲಿಷರ ಹಡಗು ನದಿಯೊಳಕ್ಕೆ ನುಗ್ಗದಂತೆ ಕಾಯಲು ಅವನು ಕಟ್ಟಿಸಿದ ಕಾವಲುಗೋಪುರ ಅದು. ಅಲ್ಲಿಂದ ಹಂಪನಕಟ್ಟೆಗೆ ಬಂದರೆ ಮಿಲಾಗ್ರಿಸ್ ಇಗರ್ಜಿ. 1680ರಲ್ಲಿ ಎದ್ದ ಅದರ ಮೊದಲ ಕಟ್ಟಡ 1784ರಲ್ಲಿ ನೆಲಸಮವಾದದ್ದು ಅವನದೇ ಆಜ್ಞೆಯಿಂದ. ಪರಕೀಯರಿಗೆ ತಲೆಬಾಗದ ದೊರೆ, ಸಾವಿರಾರು ಜನರ ತಲೆ ಬಗ್ಗಿಸಿದ ದೊರೆ, ಇಬ್ಬರೂ ಇಲ್ಲಿ ಒಂದೇ ಮಧ್ಯಾಹ್ನದ ನಡಿಗೆಯಲ್ಲಿ ಎದುರಾಗುತ್ತಾರೆ.

ಹೆಚ್ಚಿನವರು ತರಗತಿಗೆ ಬರುವ ಮೊದಲೇ ಪಕ್ಷ ಕಟ್ಟಿಕೊಂಡಿರುತ್ತಾರೆ. ಅದು ಅವರ ತಪ್ಪಲ್ಲ. 2006ರಲ್ಲಿ ಗಿರೀಶ ಕಾರ್ನಾಡ ಮತ್ತು ಎಸ್. ಎಲ್. ಭೈರಪ್ಪ ಪತ್ರಿಕೆಯಲ್ಲಿ ಎದುರುಬದುರಾದದ್ದು ಇದೇ ಟಿಪ್ಪುವಿನ ಮೇಲೆ. 2015ರಲ್ಲಿ ಸರ್ಕಾರ ಅವನ ಜಯಂತಿ ಆರಂಭಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ರದ್ದು ಮಾಡಿತು. ಇಷ್ಟು ಗದ್ದಲದ ನಡುವೆ ಬೆಳೆದವರಿಗೆ ‘ಸ್ವಲ್ಪ ತಡೆಯಿರಿ, ಮೊದಲು ಇಸವಿಗಳನ್ನು ನೋಡೋಣ’ ಅಂದರೆ ಮೇಷ್ಟ್ರು ಜಾರಿಕೊಳ್ಳುತ್ತಿದ್ದಾರೆ ಅನಿಸಬಹುದು. ಜಾರಿಕೊಳ್ಳುವುದಿಲ್ಲ. ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ, ಆದರೆ ಇಸವಿಗಳ ನಂತರ.

ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದಾಗ ಅದರ ಬೆನ್ನಿಗೇ ಮಂಗಳೂರೂ ಅವನ ಕೈಸೇರಿತು. ಮೈಸೂರಿನಂಥ ಒಳನಾಡಿನ ರಾಜ್ಯಕ್ಕೆ ಮಂಗಳೂರು ಎಂದರೆ ಸಮುದ್ರದ ಬಾಗಿಲು. ಅಕ್ಕಿ, ಮೆಣಸು, ಗಂಧ ಹೊರಗೆ ಹೋಗುತ್ತಿದ್ದದ್ದೂ, ಅರಬ್ಬೀ ಕುದುರೆ, ಫ್ರೆಂಚ್ ಸಿಪಾಯಿ, ಮದ್ದುಗುಂಡು ಒಳಗೆ ಬರುತ್ತಿದ್ದದ್ದೂ ಕರಾವಳಿಯ ರೇವುಗಳಿಂದಲೇ. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಆ ಸಂದಿನಲ್ಲಿ ಮುಂಬಯಿಯಿಂದ ಬಂದ ಜನರಲ್ ಮ್ಯಾಥ್ಯೂಸನ ಸೈನ್ಯ 1783ರ ಆರಂಭದಲ್ಲಿ ಬಿದನೂರನ್ನೂ ಮಂಗಳೂರನ್ನೂ ಹಿಡಿಯಿತು. ಟಿಪ್ಪು ಬಿದನೂರನ್ನು ಮರಳಿ ಗೆದ್ದು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ. ಮೇ ತಿಂಗಳಲ್ಲಿ ಶುರುವಾದ ಮುತ್ತಿಗೆ ಮಳೆಗಾಲ ದಾಟಿ ಚಳಿಗಾಲಕ್ಕೆ ಬಂತು. ಒಳಗಿದ್ದ ಕರ್ನಲ್ ಕ್ಯಾಂಪ್‌ಬೆಲ್‌ನ ದಂಡು ಹಸಿವಿಗೆ, ರೋಗಕ್ಕೆ ಸೋತು 1784ರ ಜನವರಿ 30ರಂದು ಕೋಟೆ ಬಿಟ್ಟುಕೊಟ್ಟಿತು.

ಮುಂದಿನ ಎರಡು ದಿನಾಂಕಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ. 1784ರ ಫೆಬ್ರವರಿ 24, ಕ್ರೈಸ್ತರ ವಿಭೂತಿ ಬುಧವಾರದ ಸುಮಾರಿಗೆ, ಕೆನರಾದ ಕೊಂಕಣಿ ಕ್ಯಾಥೊಲಿಕರನ್ನು ಊರೂರಿನಿಂದ ಒಟ್ಟುಗೂಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣದ ಕಡೆಗೆ ಅಟ್ಟುವ ಕೆಲಸ ಶುರುವಾಯಿತು. ಮಾರ್ಚ್ 11ರಂದು ಇದೇ ಮಂಗಳೂರಿನಲ್ಲಿ ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ಒಪ್ಪಂದವಾಯಿತು. ಭಾರತದ ಒಬ್ಬ ಅರಸ ಇಂಗ್ಲಿಷರನ್ನು ಸರಿಸಮವಾಗಿ ಎದುರು ಕೂರಿಸಿಕೊಂಡು ಸಹಿ ಹಾಕಿಸಿದ ಕೊನೆಯ ದೊಡ್ಡ ಒಪ್ಪಂದಗಳಲ್ಲಿ ಇದೊಂದು. ಲಂಡನ್ನಿನಲ್ಲಿ ಇದನ್ನು ಅವಮಾನವೆಂದು ಬಗೆದವರಿದ್ದರು. ಎರಡೂ ಕಡೆಯ ಸೆರೆಯಾಳುಗಳನ್ನು ಬಿಡಬೇಕೆಂಬುದು ಅದರ ಮುಖ್ಯ ಕರಾರು. ಆ ಕರಾರಿನಿಂದ ಕೆನರಾದ ಕ್ರೈಸ್ತರಿಗೆ ಏನೂ ಒದಗಲಿಲ್ಲ. ಅವರು ಯುದ್ಧದ ಸೆರೆಯಾಳುಗಳಲ್ಲ, ಸುಲ್ತಾನನ ಸ್ವಂತ ಪ್ರಜೆಗಳು. ಪರರಾಜ್ಯದ ಸಿಪಾಯಿಗೆ ಇದ್ದ ರಕ್ಷಣೆ ಸ್ವಂತ ಪ್ರಜೆಗೆ ಇರಲಿಲ್ಲ. ಪುಸ್ತಕಗಳು ಈ ಸಂಗತಿಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನನಗೆ ಇಡೀ ಪ್ರಕರಣದ ಗಂಟು ಇಲ್ಲೇ ಇದೆ ಅನ್ನಿಸುತ್ತದೆ.

ಸೆರೆಯಾದವರು ಎಷ್ಟು ಜನ? ಅಂದಾಜುಗಳು 30,000ದಿಂದ 80,000ದವರೆಗೆ ಹರಡಿವೆ. ಕಾರಣ? ಇಂಗ್ಲಿಷರು ಮಂಗಳೂರು ಹಿಡಿದಾಗ ಇವರು ಹಣ, ಧಾನ್ಯ, ಸುದ್ದಿ ಒದಗಿಸಿದರೆಂಬುದು ಸುಲ್ತಾನನ ಕಡೆಯ ಆರೋಪ. ಕೆಲವರು ಒದಗಿಸಿದ್ದಿರಬಹುದು. ಆದರೆ ಶಿಕ್ಷೆ ಆ ಕೆಲವರಿಗೆ ಆಗಲಿಲ್ಲ. ಹೆಂಗಸರು, ಹಸುಗೂಸುಗಳು, ಮುದುಕರು ಎಲ್ಲರೂ ಘಟ್ಟ ಹತ್ತಿದರು. ಪಾದ್ರಿಗಳನ್ನು ರಾಜ್ಯದಿಂದ ಹೊರಹಾಕಲಾಯಿತು, ಇಗರ್ಜಿಗಳನ್ನು ಕೆಡವಲಾಯಿತು, ಜಮೀನು ಸರ್ಕಾರದ ವಶವಾಯಿತು. ದಾರಿಯಲ್ಲೂ ಶ್ರೀರಂಗಪಟ್ಟಣದಲ್ಲೂ ಬಹಳ ಮಂದಿ ಸತ್ತರು. ಬದುಕಿದ ಗಂಡಸರಲ್ಲಿ ಅನೇಕರನ್ನು ಮತಾಂತರಿಸಿ ಸೈನ್ಯದ ಚೇಲಾ ಪಡೆಗಳಿಗೆ ಸೇರಿಸಲಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ ಮೇಲೆ ಉಳಿದವರು ಊರಿಗೆ ಮರಳಿದರು. ಹದಿನೈದು ವರ್ಷದ ಸೆರೆ. ಹೋದವರಿಗಿಂತ ಬಂದವರು ಬಹಳ ಕಡಿಮೆ.

ಚೇಲಾ ಎಂದರೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಗುಲಾಮಗಿರಿ ಅಂದ ಕೂಡಲೇ ನಮ್ಮ ಕಣ್ಣಿಗೆ ಅಮೆರಿಕದ ಹತ್ತಿಯ ಹೊಲ ಬರುತ್ತದೆ. ಇದು ಆ ಬಗೆಯದಲ್ಲ. ಗೆದ್ದ ಸೀಮೆಯ ಹುಡುಗರನ್ನು, ಯುವಕರನ್ನು ಕಿತ್ತು ತಂದು, ಧರ್ಮ ಬದಲಿಸಿ, ಹೊಸ ಹೆಸರಿಟ್ಟು, ದೊರೆಯ ಹೊರತು ಬೇರೆ ಯಾವ ನಂಟೂ ಉಳಿಯದಂಥ ಸಿಪಾಯಿಗಳನ್ನಾಗಿ ಮಾಡುವ ವ್ಯವಸ್ಥೆ. ತುರ್ಕಿಯ ಸುಲ್ತಾನರ ಜಾನಿಸರಿ ಪಡೆ ಇದೇ ಮಾದರಿಯದು. ಮೈಸೂರಿನಲ್ಲಿ ಇದನ್ನು ಶುರುಮಾಡಿದ್ದು ಟಿಪ್ಪುವಲ್ಲ, ಹೈದರ್. 1779ರಲ್ಲಿ ಚಿತ್ರದುರ್ಗ ಬಿದ್ದಾಗ ಅಲ್ಲಿಯ ಬೇಡರ ಮಕ್ಕಳಿಂದ ಅವನು ಚೇಲಾ ಪಡೆ ಕಟ್ಟಿದ. ಆಮೇಲೆ ಕೊಡಗಿನವರು, ಮಲಬಾರಿನ ನಾಯರರು, ಕೆನರಾದ ಕ್ರೈಸ್ತರು ಅದಕ್ಕೆ ಸೇರಿದರು. ಇಂಗ್ಲಿಷ್ ಹುಡುಗರೂ ಇದ್ದರು. ಜೇಮ್ಸ್ ಸ್ಕರಿ ಎಂಬ ನಾವಿಕ ಹುಡುಗನನ್ನು ಸಮುದ್ರದಲ್ಲಿ ಸೆರೆಹಿಡಿದವರು ಫ್ರೆಂಚರು. ಅವರ ಅಡ್ಮಿರಲ್ ಸುಫ್ರೆನ್ ಸೆರೆಯಾಳುಗಳನ್ನು ಹೈದರನಿಗೆ ಒಪ್ಪಿಸಿದ, ಸ್ಕರಿ ಹತ್ತು ವರ್ಷ ಮೈಸೂರಿನಲ್ಲಿ ಚೇಲಾ ಆಗಿದ್ದು ತಪ್ಪಿಸಿಕೊಂಡ. ಚೇಲಾಗೆ ಸಂಬಳವಿತ್ತು, ಬಟ್ಟೆಯಿತ್ತು, ಹೆಂಡತಿಯನ್ನೂ ಕೊಡಿಸುತ್ತಿದ್ದರು. ಬಿಟ್ಟುಹೋಗುವ ಹಕ್ಕು ಮಾತ್ರ ಇರಲಿಲ್ಲ. ಅದಿಲ್ಲದಿದ್ದರೆ ನಾನು ಅದನ್ನು ಗುಲಾಮಗಿರಿ ಎಂದೇ ಕರೆಯುತ್ತೇನೆ, ಸಂಬಳ ಎಷ್ಟೇ ಇರಲಿ.

ಇನ್ನು ಸ್ವಾತಂತ್ರ್ಯದ ಕಥೆ. ಅದರ ಮೊದಲ ದೃಶ್ಯವೂ ಮಂಗಳೂರಿನದೇ. 1797ರ ಆರಂಭದಲ್ಲಿ ಫ್ರೆಂಚ್ ಖಾಸಗಿ ಯುದ್ಧನೌಕೆಯೊಂದು ರಿಪೇರಿಗೆಂದು ಮಂಗಳೂರಿಗೆ ಬಂತು. ಅದರ ಕಪ್ತಾನ ಫ್ರಾನ್ಸ್ವಾ ರಿಪೋ. ಬಾಯಿ ದೊಡ್ಡದು. ಫ್ರೆಂಚರ ಮಾರಿಷಸ್ ದ್ವೀಪದಲ್ಲಿ ತಾನು ದೊಡ್ಡ ಅಧಿಕಾರಿಯೆಂದೂ, ಹತ್ತು ಸಾವಿರ ಫ್ರೆಂಚ್ ಸಿಪಾಯಿಗಳು ಟಿಪ್ಪುವಿನ ನೆರವಿಗೆ ಸಿದ್ಧರಿದ್ದಾರೆಂದೂ ಅವನು ಹೇಳಿದ. 1792ರ ಸೋಲಿನಲ್ಲಿ ಅರ್ಧ ರಾಜ್ಯವನ್ನೂ, ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನಿಗೆ ಕೊಟ್ಟು ನೊಂದಿದ್ದ ಟಿಪ್ಪು ನಂಬಿದ, ಅಥವಾ ನಂಬಲು ಬಯಸಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಫ್ರೆಂಚರು 59 ಜನ ಸೇರಿ ತಮ್ಮ ದೇಶದ ಕ್ರಾಂತಿಕಾರಿಗಳ ಮಾದರಿಯಲ್ಲಿ ಜಾಕೊಬಿನ್ ಕ್ಲಬ್ ಕಟ್ಟಿದರು. ಗಣರಾಜ್ಯದ ಬಾವುಟ ಹಾರಿತು, ತೋಪು ಸಿಡಿಯಿತು, ಸ್ವಾತಂತ್ರ್ಯವೃಕ್ಷ ನೆಟ್ಟರು, ಸುಲ್ತಾನನನ್ನು ‘ನಾಗರಿಕ ಟಿಪ್ಪು’ ಎಂದರು. ಕ್ಲಬ್ಬಿನ ಪ್ರತಿಜ್ಞೆಯ ಸಾರ ಕೇಳಿದರೆ ನಗು ಬರುತ್ತದೆ: ಲೋಕದ ಎಲ್ಲ ಅರಸರಿಗೂ ಧಿಕ್ಕಾರ, ಟಿಪ್ಪು ಸುಲ್ತಾನನೊಬ್ಬನನ್ನು ಬಿಟ್ಟು.

ಆ ಮರ ನೆಟ್ಟ ದಿನ ಅದೇ ಊರಿನಲ್ಲಿ ಮಂಗಳೂರಿನ ಕ್ಯಾಥೊಲಿಕರು ಹದಿನಾಲ್ಕನೆಯ ವರ್ಷದ ಸೆರೆಯಲ್ಲಿದ್ದರು.

ಮುಂದಿನದು ಇನ್ನೂ ವಿಚಿತ್ರ. ಟಿಪ್ಪುವಿನ ದೂತರು ಮಂಗಳೂರಿನಿಂದ ಹಡಗು ಹತ್ತಿ 1798ರ ಜನವರಿಯಲ್ಲಿ ಮಾರಿಷಸ್ ತಲುಪಿದರು. ಗುಟ್ಟಾಗಿ ಆಗಬೇಕಿದ್ದ ಮಾತನ್ನು ಗವರ್ನರ್ ಮಲಾರ್ಟಿಕ್ ಜನವರಿ 30ರಂದು ಊರ ಗೋಡೆಗಳ ಮೇಲೆ ಅಂಟಿಸಿಬಿಟ್ಟ. ಅದರ ಪ್ರತಿ ಕಲ್ಕತ್ತೆಗೆ ಹೋಯಿತು, ಅಲ್ಲಿಯ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ನೆಪ ಸಿಕ್ಕಿತು. ಹತ್ತು ಸಾವಿರದ ಬದಲು ನೂರರ ಆಸುಪಾಸು ಸ್ವಯಂಸೇವಕರು ಏಪ್ರಿಲಿನಲ್ಲಿ ಮಂಗಳೂರಿನಲ್ಲಿ ಇಳಿದರು. ಆ ದ್ವೀಪದ ಗಣರಾಜ್ಯ ಎಂಥದ್ದು ಗೊತ್ತೇ? ಪ್ಯಾರಿಸ್ಸಿನ ಕ್ರಾಂತಿಕಾರಿ ಸಭೆ 1794ರ ಫೆಬ್ರವರಿ 4ರಂದು ತನ್ನ ಎಲ್ಲ ವಸಾಹತುಗಳಲ್ಲೂ ಗುಲಾಮಗಿರಿಯನ್ನು ರದ್ದು ಮಾಡಿತ್ತು. ಆ ಆದೇಶ ಜಾರಿಗೆ ತರಲು ಬಂದ ಇಬ್ಬರು ಅಧಿಕಾರಿಗಳನ್ನು ಮಾರಿಷಸ್ಸಿನ ತೋಟದೊಡೆಯರು 1796ರಲ್ಲಿ ಹಡಗು ಹತ್ತಿಸಿ ಓಡಿಸಿದ್ದರು. ದ್ವೀಪದ ಬಹುಪಾಲು ಜನ ಗುಲಾಮರಾಗಿಯೇ ಇದ್ದರು. ನಮ್ಮ ಕರಾವಳಿಗೆ ಬಂದ ‘ಸ್ವಾತಂತ್ರ್ಯ, ಸಮಾನತೆ’ಯ ಸಿಪಾಯಿಗಳು ಹೊರಟದ್ದು ಗುಲಾಮರನ್ನು ಬಿಡಲೊಪ್ಪದ ಬಂದರಿನಿಂದ. ನೆಪೋಲಿಯನ್ 1802ರಲ್ಲಿ ಗುಲಾಮಗಿರಿಯನ್ನು ಮತ್ತೆ ಕಾನೂನುಬದ್ಧ ಮಾಡಿದ.

ಹೊರಗಿನ ಲೋಕವನ್ನು ಒಮ್ಮೆ ನೋಡಿದರೆ ಟಿಪ್ಪು ಒಂಟಿಯಲ್ಲ ಎಂಬುದು ಕಾಣುತ್ತದೆ. ಅವನು ಕಳಿಸಿದ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಆ ದಿನಗಳಲ್ಲಿ ಪ್ಯಾರಿಸ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದವನು ಥಾಮಸ್ ಜೆಫರ್ಸನ್. ಹನ್ನೆರಡು ವರ್ಷ ಹಿಂದೆ, ಮನುಷ್ಯರೆಲ್ಲ ಹುಟ್ಟಿನಿಂದ ಸಮಾನರೆಂದು ಸಾರಿದ ಸ್ವಾತಂತ್ರ್ಯ ಘೋಷಣೆಯನ್ನು ಬರೆದವನು ಅವನೇ. ಅವನ ಪ್ಯಾರಿಸ್ ಮನೆಯಲ್ಲಿ ಆಗ ಜೇಮ್ಸ್ ಮತ್ತು ಸ್ಯಾಲಿ ಹೆಮಿಂಗ್ಸ್ ಎಂಬ ಅಣ್ಣ ತಂಗಿ ಕೆಲಸಕ್ಕಿದ್ದರು, ಇಬ್ಬರೂ ಅವನ ಸೊತ್ತು. ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಜನ ಅವನ ಗುಲಾಮರಾಗಿದ್ದರು, ಅವನು ಬಿಡುಗಡೆ ಮಾಡಿದ್ದು ಬೆರಳೆಣಿಕೆಯಷ್ಟು ಮಂದಿಯನ್ನು. ಗುಲಾಮಗಿರಿ ಕೆಟ್ಟದ್ದೆಂದು ಜೆಫರ್ಸನ್ ತಾನೇ ಬರೆದಿದ್ದ ಎಂಬುದನ್ನು ಮರೆಯಬೇಡಿ. ಟಿಪ್ಪುವಿಗೂ ಅವನಿಗೂ ಇರುವ ವ್ಯತ್ಯಾಸ ಅದು. ಜೆಫರ್ಸನನಿಗೆ ವಿರೋಧಾಭಾಸ ಗೊತ್ತಿತ್ತು, ಅದರೊಂದಿಗೆ ಸಂಸಾರ ಮಾಡಿದ. ಟಿಪ್ಪುವಿಗೆ ಅಲ್ಲಿ ವಿರೋಧಾಭಾಸವೇ ಕಂಡಿರಲಾರದು.

ಹೇಗೆ ಕಾಣದಿರಲು ಸಾಧ್ಯ? ಅವನ ಜಾಗದಲ್ಲಿ ನಿಂತು ನೋಡೋಣ. ತಂದೆ ಹೈದರ್ ಒಡೆಯರ ಹೆಸರಿನಲ್ಲಿ ಆಳಿದ. ಮಗ ಆ ಪರದೆಯನ್ನೂ ಸರಿಸಿ ತಾನೇ ಬಾದಶಹ ಎಂದುಕೊಂಡ. ಹೊಸ ನಾಣ್ಯ, ಹೊಸ ಪಂಚಾಂಗ, ಹೊಸ ಅಳತೆ ತೂಕ, ದೂರದೇಶಗಳಿಗೆ ರಾಯಭಾರ, ಎಲ್ಲವೂ ಹೊಸ ರಾಜ್ಯ ಕಟ್ಟುವವನ ಲಕ್ಷಣ. ಅವನಿಗೆ ಸ್ವಾತಂತ್ರ್ಯವೆಂದರೆ ತನ್ನ ರಾಜ್ಯ ಮೊಗಲ ದೊರೆಗಾಗಲಿ ನಿಜಾಮನಿಗಾಗಲಿ ಕಂಪನಿಗಾಗಲಿ ಅಧೀನವಲ್ಲದಿರುವುದು. ಅದು ರಾಜ್ಯದ ಗುಣ, ರಾಜ್ಯದೊಳಗಿನ ಒಬ್ಬೊಬ್ಬನ ಹಕ್ಕಲ್ಲ. ನಿಷ್ಠನಾದ ಪ್ರಜೆಗೆ ರಕ್ಷಣೆಯಿತ್ತು, ಮತ ಯಾವುದೇ ಇರಲಿ. 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ದೋಚಿದಾಗ ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲಿ ಗೌರವದ ಪತ್ರಗಳನ್ನು ಬರೆಸಿ, ದೇವಿಯ ಪುನಃಪ್ರತಿಷ್ಠೆಗೆ ನೆರವು ಕೊಟ್ಟ. 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಈ ಪತ್ರಗಳನ್ನು ಬೆಳಕಿಗೆ ತಂದರು. ನಿಷ್ಠೆ ತಪ್ಪಿದರೆಂದು ಅವನಿಗೆ ಅನ್ನಿಸಿದ ಜನಕ್ಕೆ, ಇಡೀ ಜನಾಂಗಕ್ಕೆ, ರಕ್ಷಣೆ ತಪ್ಪುತ್ತಿತ್ತು. ಹಾಗೆ ತಪ್ಪಿದವರು ಕೊಡವರಾಗಲಿ ನಾಯರರಾಗಲಿ ಕ್ರೈಸ್ತರಾಗಲಿ, ಶಿಕ್ಷೆಯ ಒಂದು ಭಾಗ ಮತಾಂತರವಾಗಿತ್ತು. ಆದ್ದರಿಂದ ‘ಇದರಲ್ಲಿ ಧರ್ಮವೇ ಇಲ್ಲ, ಬರೀ ರಾಜಕೀಯ’ ಎಂಬ ಜಾಣ ಉತ್ತರ ನನಗೆ ಒಪ್ಪಿಗೆಯಲ್ಲ. ‘ಬರೀ ಧರ್ಮ’ ಎಂಬುದೂ ಶೃಂಗೇರಿಯ ಪತ್ರಗಳ ಎದುರು ನಿಲ್ಲುವುದಿಲ್ಲ.

ಇನ್ನೊಂದು ತೊಡಕು. ಇತಿಹಾಸಕಾರ ಮೊಹಿಬ್ಬುಲ್ ಹಸನ್ ತಮ್ಮ 1951ರ ಪುಸ್ತಕದಲ್ಲಿ, ಮನೆಗೆಲಸಕ್ಕೆ ಗುಲಾಮ ಹೆಣ್ಣುಗಳನ್ನು ಇಟ್ಟುಕೊಳ್ಳುವುದನ್ನು ಟಿಪ್ಪು ನಿಷೇಧಿಸಿದ್ದನೆಂದು ಬರೆಯುತ್ತಾರೆ. ಅದು ಹೌದಾದರೆ ಮೆಚ್ಚಲೇಬೇಕು. ಚೇಲಾ ಪಡೆಯ ಪಕ್ಕದಲ್ಲೇ ಇಟ್ಟು ಮೆಚ್ಚಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸುವುದು ಬೇಡ.

ಇಷ್ಟೆಲ್ಲ ನಮಗೆ ಗೊತ್ತಾದದ್ದು ಯಾವ ಕಾಗದದಿಂದ? ಹೊಸಬರು ಇದನ್ನು ಕೇಳುವುದೇ ಇಲ್ಲ, ಕೇಳಬೇಕು. ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಕಾಗದಗಳೆಲ್ಲ ಕಂಪನಿಯ ಕೈಗೆ ಹೋದವು. ಬೇಕಾದ್ದನ್ನು ಆರಿಸಿ, ಅನುವಾದಿಸಿ, ಅಚ್ಚುಹಾಕಿಸಿದವರು ಕಂಪನಿಯ ಅಧಿಕಾರಿಗಳು. ವಿಲಿಯಂ ಕರ್ಕ್‌ಪ್ಯಾಟ್ರಿಕ್ ಟಿಪ್ಪುವಿನ ಆಯ್ದ ಪತ್ರಗಳನ್ನು 1811ರಲ್ಲಿ ಪ್ರಕಟಿಸಿದ. ಅಲ್ಲಿಯ ಟಿಪ್ಪು ಕ್ರೂರಿಯಾಗಿ ಕಾಣಲಿ ಎಂಬುದು ಸಂಪಾದಕನ ಬಯಕೆಯೂ ಹೌದು. ಜಾಕೊಬಿನ್ ಕ್ಲಬ್ಬಿನ ನಡಾವಳಿ ಕೂಡ ಇದೇ ದಾರಿಯಲ್ಲಿ ಹೊರಬಂದದ್ದು. ಟಿಪ್ಪು ಫ್ರೆಂಚ್ ಕ್ರಾಂತಿಯ ಕೈಗೊಂಬೆ ಎಂದು ತೋರಿಸಿ ಯುದ್ಧವನ್ನು ಸಮರ್ಥಿಸಲು ಅದು ಬೇಕಿತ್ತು. ಕ್ಲಬ್ಬು ನಿಜವಾಗಿ ಎಷ್ಟರಮಟ್ಟಿನದು, ಟಿಪ್ಪು ಅದರಲ್ಲಿ ಎಷ್ಟು ತೊಡಗಿದ್ದ ಎಂದು ಸಂಶಯಪಟ್ಟ ಇತಿಹಾಸಕಾರರಿದ್ದಾರೆ. ಈಗ ನಮ್ಮ ವಾದಗಳನ್ನು ಗಮನಿಸಿ. ಟಿಪ್ಪುವನ್ನು ಹೊಗಳುವವರು ‘ನಾಗರಿಕ ಟಿಪ್ಪು’ವನ್ನು ಕಣ್ಣುಮುಚ್ಚಿ ಒಪ್ಪುತ್ತಾರೆ, ಸೆರೆಯ ಪತ್ರಗಳನ್ನು ಬ್ರಿಟಿಷರ ಸುಳ್ಳು ಎನ್ನುತ್ತಾರೆ. ತೆಗಳುವವರು ಪತ್ರಗಳನ್ನು ವೇದವಾಕ್ಯದಂತೆ ಓದಿ ಸ್ವಾತಂತ್ರ್ಯವೃಕ್ಷವನ್ನು ಕಟ್ಟುಕಥೆ ಎನ್ನುತ್ತಾರೆ. ಎರಡೂ ಬಂದದ್ದು ಒಂದೇ ಕೈಯಿಂದ. ನಂಬಿಕೆಯೂ ಸಂಶಯವೂ ಎರಡಕ್ಕೂ ಒಂದೇ ಅಳತೆಯಲ್ಲಿ ಸಲ್ಲಬೇಕು.

ಹಾಗೆ ಅಳೆದರೆ ಎರಡಕ್ಕೂ ಕಂಪನಿಯ ಕಡತದ ಹೊರಗೆ ಆಧಾರ ಸಿಗುತ್ತದೆ. ಮಲಾರ್ಟಿಕ್‌ನ ಘೋಷಣೆ ಫ್ರೆಂಚರದೇ ಅಚ್ಚು. ಸೆರೆಯ ಮಾತಿಗೆ ಊರಿಗೆ ಮರಳಿ ಬಂದ ಸಂಸಾರಗಳೇ ಸಾಕ್ಷಿ, ಮತ್ತೆ ಕಟ್ಟಬೇಕಾಗಿ ಬಂದ ಇಗರ್ಜಿಗಳೂ ಸಾಕ್ಷಿ. ಸಂಖ್ಯೆಯ ಬಗ್ಗೆ ಜಗಳವಾಡಬಹುದು, ಘಟನೆಯ ಬಗ್ಗೆ ಅಲ್ಲ. ನನ್ನ ತೀರ್ಮಾನ ಇದು: ಟಿಪ್ಪು ಕಂಪನಿಯ ವಿರುದ್ಧ ತನ್ನ ರಾಜ್ಯದ ಸ್ವಾತಂತ್ರ್ಯಕ್ಕಾಗಿ ನಿಜವಾಗಿ ಹೋರಾಡಿದ, ಅದಕ್ಕಾಗಿ ಸತ್ತ. ಮನುಷ್ಯರ ಸ್ವಾತಂತ್ರ್ಯ ಅವನ ಹೋರಾಟದ ವಿಷಯವಾಗಿರಲಿಲ್ಲ. ಬಾವುಟ, ಮರ, ತೋಪುಗಳೆಲ್ಲ ಮಿತ್ರರನ್ನು ಒಲಿಸಿಕೊಳ್ಳುವ ರಾಜತಂತ್ರ.

ಹಾಗಾದರೆ 1799ರಲ್ಲಿ ಬಂದ ಕಂಪನಿ ಬಿಡುಗಡೆ ತಂದಿತೇ? ಕ್ಯಾಥೊಲಿಕರಿಗೆ ತಂದಿತು, ಅದನ್ನು ಒಪ್ಪೋಣ. ಆದರೆ ಈ ಊರಿನಲ್ಲಿ ಇನ್ನೊಂದು ಸೆರೆ ಇತ್ತು. ಅದಕ್ಕೆ ಘಟ್ಟ ಹತ್ತಬೇಕಿರಲಿಲ್ಲ, ಗದ್ದೆಯ ಬದುವೇ ಗೋಡೆ. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ರೈತನ ಪರ ಎಂದು ಹೆಸರಾದವನು. ಇಲ್ಲಿಯ ಭೂಮಿ ಬಹುಕಾಲದಿಂದ ವರ್ಗದಾರರೆಂಬ ಭೂಮಾಲಿಕರ ಖಾಸಗಿ ಸೊತ್ತು ಎಂಬುದನ್ನು 1800ರ ವರದಿಯಲ್ಲಿ ಅವನು ಬಲವಾಗಿ ಎತ್ತಿಹಿಡಿದ. ಮುಂದೆ ಮದ್ರಾಸಿನ ಗವರ್ನರನಾಗಿ, ಭಾರತೀಯರಿಗೆ ದೊಡ್ಡ ಹುದ್ದೆ ಕೊಡದಿದ್ದರೆ ಅವರ ಸ್ವಭಾವವೇ ಕುಗ್ಗುತ್ತದೆ ಎಂದು 1824ರಲ್ಲಿ ಬರೆದ. ಅದೇ ಮನ್ರೋ 1822ರಲ್ಲಿ, ಪರದೇಶಿಯರ ಆಳ್ವಿಕೆಗೂ ಸ್ವತಂತ್ರ ಪತ್ರಿಕೆಗೂ ಹೊಂದಾಣಿಕೆಯಾಗದೆಂದು ವಾದಿಸಿ ಪತ್ರಿಕಾ ಸ್ವಾತಂತ್ರ್ಯವನ್ನು ವಿರೋಧಿಸಿದ. ಇವನೂ ಟಿಪ್ಪು, ಜೆಫರ್ಸನರ ಪಟ್ಟಿಗೇ ಸೇರುವವನು.

1801ರಲ್ಲಿ ಮಂಗಳೂರಿನ ಸುತ್ತ ಓಡಾಡಿದ ಫ್ರಾನ್ಸಿಸ್ ಬುಕಾನನ್, ಒಡೆಯರ ಹೊಲದಲ್ಲಿ ದುಡಿಯುವ ಜೀತದಾಳುಗಳ ಬಗ್ಗೆ ಬರೆದಿಟ್ಟಿದ್ದಾನೆ. ಮೂಲದಾಳು ಎಂದರೆ ವಂಶಪಾರಂಪರ್ಯವಾಗಿ ಮನೆತನಕ್ಕೆ ಸೇರಿದವನು, ಸಾಲದಾಳು ಎಂದರೆ ಸಾಲಕ್ಕೆ ಮೈ ಒತ್ತೆಯಿಟ್ಟವನು. ಕೆಳದಿಯ ನಾಯಕರ ಕಾಲ ಹೋಯಿತು, ಹೈದರ್ ಬಂದ, ಟಿಪ್ಪು ಬಂದ, ಕಂಪನಿ ಬಂತು. ಈ ಆಳುಗಳ ಮೇಲಿನ ಒಡೆತನ ಬದಲಾಗಲಿಲ್ಲ. ಭೂಮಿ ಖಾಸಗಿ ಸೊತ್ತೆಂದು ಗಟ್ಟಿಯಾದಷ್ಟೂ ಅದರ ಮೇಲಿನ ಆಳೂ ಸೊತ್ತಾಗಿಯೇ ಉಳಿದ. ಪಕ್ಕದ ಮಲಬಾರಿನಲ್ಲಿ ಕಂದಾಯದ ಬಾಕಿಗೆ ಆಳುಗಳನ್ನು ಹರಾಜು ಹಾಕುವುದನ್ನು ಸರ್ಕಾರ ನಿಲ್ಲಿಸಿದ್ದು 1819ರಲ್ಲಿ. ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ಗುಲಾಮಗಿರಿ ರದ್ದು ಮಾಡಿದಾಗ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತು. 1843ರ 5ನೆಯ ಕಾಯ್ದೆ ಗುಲಾಮಗಿರಿಗೆ ನ್ಯಾಯಾಲಯದ ಮಾನ್ಯತೆಯನ್ನು ತೆಗೆದುಹಾಕಿತು. ಮನುಷ್ಯರನ್ನು ಗುಲಾಮರಾಗಿ ಕೊಳ್ಳುವುದು, ಮಾರುವುದು ಅಪರಾಧವಾದದ್ದು 1860ರ ದಂಡಸಂಹಿತೆಯಿಂದ.

ಸೆರೆಗೆ ಹೋದ ಕ್ಯಾಥೊಲಿಕರ ನೆನಪನ್ನು ಉಳಿಸಲು ಇಗರ್ಜಿಗಳಿದ್ದವು, ಓದುಬರಹ ಬಲ್ಲ ಮನೆತನಗಳಿದ್ದವು. ಮೂಲದಾಳಿಗೆ ಅದಾವುದೂ ಇರಲಿಲ್ಲ. ಅವರ ಮಕ್ಕಳಿಗೆಂದು ಈ ಊರಿನಲ್ಲಿ ಶಾಲೆ ತೆರೆದು, ಸ್ವಂತ ಜಾತಿಯವರ ಬಹಿಷ್ಕಾರ ಉಂಡವರು ಕುದ್ಮುಲ್ ರಂಗರಾಯರು. ಅವರು ದಲಿತೋದ್ಧಾರದ ಸಂಸ್ಥೆ ಕಟ್ಟಿದ್ದು 1897ರಲ್ಲಿ, ಟಿಪ್ಪು ಸತ್ತು ಸುಮಾರು ನೂರು ವರ್ಷ ಕಳೆದ ಮೇಲೆ. ಇನ್ನು ಕರಾವಳಿಯ ಕೊರಗ ಸಮುದಾಯದವರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸಿ ತಮ್ಮ ಕಷ್ಟವನ್ನು ಅವರಿಗೆ ದಾಟಿಸುವ ‘ಅಜಲು’ ಪದ್ಧತಿಯನ್ನು ಕರ್ನಾಟಕ ಸರ್ಕಾರ ಕಾಯ್ದೆ ಮಾಡಿ ನಿಷೇಧಿಸಿದ್ದು 2000ನೇ ಇಸವಿಯಲ್ಲಿ.